ಚೆಂಡು ನಮ್ಮ ಕೈಯಾಗ, ಪಟ್ಟಿ ಯಾರ ಕೈಯಾಗ?



ಇವತ್ತು ಸ್ವಲ್ಪ ಉದ್ದ ಬರದೀನಿ. ಪುರಸೊತ್ತು ಮಾಡಿಕೊಂಡು ಓದ್ರಿ. ವಿಷಯ ಆಟದ್ದು, ಆದ್ರ ಮಾತು ಅಧಿಕಾರದ್ದು.

ಮೊದಲಿಗೆ ಒಂದು ಸರಳ ಪ್ರಶ್ನೆ. ಬೆಂಗಳೂರಿನ ದೊಡ್ಡ ಕ್ರಿಕೆಟ್ ಮೈದಾನಕ್ಕ ಯಾರ ಹೆಸರೈತಿ? ಚಿನ್ನಸ್ವಾಮಿ ಅಂತ ಸಣ್ಣ ಹುಡುಗೂರೂ ಹೇಳ್ತಾರ. ಆ ಚಿನ್ನಸ್ವಾಮಿ ಯಾರು? ಗೋಕಾಕದಾಗ ಹಾಸ್ಟೆಲ್ ಹುಡುಗೂರಿಗೆ ಇದನ್ನ ಕೇಳಿದಾಗ ಒಬ್ಬ “ಹಳೇ ಕಾಲದ ಬ್ಯಾಟ್ಸ್‌ಮನ್ ಇರಬೇಕ್ರಿ ಸರ್” ಅಂದ. ಅಲ್ಲ. ಎಂ. ಚಿನ್ನಸ್ವಾಮಿ ವಕೀಲರು. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯನ್ನ ದಶಕಗಟ್ಟಲೆ ನಡೆಸಿದವರು, 1977ರಿಂದ 1980ರವರೆಗೆ ಬಿಸಿಸಿಐ ಅಧ್ಯಕ್ಷರಾಗಿದ್ದವರು. ಮುಂಬೈನ ವಾಂಖೆಡೆ? ಅದೂ ಒಬ್ಬ ಆಡಳಿತಗಾರರ ಹೆಸರು, ರಾಜಕಾರಣಿ. ಚೆನ್ನೈನ ಎಂ.ಎ. ಚಿದಂಬರಂ? ಅವರೂ ಬಿಸಿಸಿಐ ಅಧ್ಯಕ್ಷರಾಗಿದ್ದವರು.

ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್ ಆಡಿದ ನಾಡಿನಾಗ ಮೈದಾನಕ್ಕ ಹೆಸರು ಬಂದದ್ದು ಕುರ್ಚಿ ಮ್ಯಾಲ ಕುಂತವರದು. ಚಿನ್ನಸ್ವಾಮಿಯವರ ಮ್ಯಾಲ ನನಗೇನೂ ತಕರಾರಿಲ್ಲ, ಅವರು ದುಡದಾರ, ಮೈದಾನ ಕಟ್ಟ್ಯಾರ. ನಾನು ಹೇಳೂದು ಇಷ್ಟ: ಆಟದಾಗ ಎರಡು ನಮೂನಿ ಮಂದಿ ಇರ್ತಾರ. ಆಡವರು ಒಬ್ಬರು, ಆಡಸವರು ಇನ್ನೊಬ್ಬರು. ಆಡವರು ನಾಲ್ಕು ದಿನ ಮಿಂಚಿ ಹೋಗ್ತಾರ. ಆಡಸವರು ಉಳೀತಾರ.

ಗೋಕಾಕ, ಮೂಡಲಗಿ, ಹುಕ್ಕೇರಿ ಮಂದಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆ ಸಕ್ಕರಿ ಕಾರ್ಖಾನಿ ಚುನಾವಣಿ, ಪಿಕೆಪಿಎಸ್ ಚುನಾವಣಿ, ಡಿಸಿಸಿ ಬ್ಯಾಂಕಿನ ಚುನಾವಣಿ ವಿಧಾನಸಭಾ ಚುನಾವಣಿಗಿಂತ ಜೋರು ನಡೀತಾವ. ಹುಕ್ಕೇರಿ ತಾಲೂಕಿನಾಗ ಕರೆಂಟ್ ಕೊಡೂದೂ ಒಂದು ಸಹಕಾರಿ ಸಂಘನ. ಅದರ ಆಡಳಿತ ಮಂಡಳಿಗೂ ಹಂಗ ಬಡದಾಡ್ತಾರ. ಯಾಕ? ಕಬ್ಬು ಕಡಿಯವ್ರು ಸಾವಿರಾರು ಮಂದಿ, ಆದ್ರ ಯಾರ ಕಬ್ಬು ಮೊದಲು ಕಡೀಬೇಕು ಅಂತ ಹೇಳವ್ರು ನಾಲ್ಕು ಮಂದಿ. ಡೈರೆಕ್ಟರ್ ಕುರ್ಚಿ ಅಂದ್ರ ಏನು ಅಂತ ನಮ್ಮ ಸೀಮಿಯ ದೊಡ್ಡ ಮನಿಗಳು ಯಾವಾಗೋ ತಿಳಕೊಂಡಾವ. ನಾವು ಮಾತ್ರ ಇನ್ನೂ “ನಮ್ಮ ಹುಡುಗ ಏನ್ ಬೌಲಿಂಗ್ ಹಾಕ್ತಾನ ನೋಡ್ರಿ” ಅಂತ ಎದಿ ಉಬ್ಬಿಸ್ತೀವಿ.

ನಮ್ಮಣ್ಣನ ಕತಿ ಹೇಳ್ತೀನಿ. ಮೂಡಲಗಿ ಹತ್ತಿರದ ಊರು, ಹೆಸರು ಬ್ಯಾಡ. ಟೆನಿಸ್ ಬಾಲ್ ಕ್ರಿಕೆಟ್. ಅಣ್ಣನ ಬೌಲಿಂಗ್ ಅಂದ್ರ ಸುತ್ತ ಹತ್ತು ಹಳ್ಳಿಗೆ ಗೊತ್ತಿತ್ತು. ಬರಿಗಾಲಾಗ ಓಡಿ ಬಂದು ಹಾಕಿದ್ರ ಚೆಂಡು ಎಲ್ಲಿ ಬಿತ್ತು ಅಂತ ಕೀಪರ್‌ಗೂ ತಿಳೀತಿರಲಿಲ್ಲ. ಊರಾಗ ಮ್ಯಾಚ್ ಇದ್ದಾಗ ಕೇರಿ ತನಕ ಬಂದು ಕರಕೊಂಡು ಹೋಗವ್ರು. ಆದ್ರ ಪರ ಊರಿಗೆ ಟೂರ್ನಮೆಂಟಿಗೆ ಹೋಗಬೇಕಾದಾಗ ಪಟ್ಟಿ ಬರಿಯೂದು ಊರ ನಡುವಿನ ಕಟ್ಟಿ ಮ್ಯಾಲ. ಆ ಕಟ್ಟಿ ಮ್ಯಾಲ ಅಣ್ಣಗ ಕುಂದ್ರಾಕ ಜಾಗ ಇರಲಿಲ್ಲ. ಜೀಪಿನಾಗ ಜಾಗ ಇಲ್ಲ ಅಂತಿದ್ರು. ಅಲ್ಲಿ ಊಟದ ವ್ಯವಸ್ಥಾ ಅವರ ಸಂಬಂಧಿಕರ ಮನಿಯಾಗ ಐತಿ ಅಂತಿದ್ರು. ಯಾರೂ ಜಾತಿ ಹೆಸರು ಎತ್ತಿ ಮಾತಾಡ್ತಿರಲಿಲ್ಲ, ಅದರ ಅವಶ್ಯಕತಾನೂ ಇರಲಿಲ್ಲ. ಫೈನಲ್‌ಗೆ ಬಂದು ಸೋಲೂ ಹಂಗ ಕಂಡ್ರ ಮಾತ್ರ ಮೋಟರ್ ಸೈಕಲ್ ಕಳಸ್ತಿದ್ರು, ಅಣ್ಣನ್ನ ಕರಕೊಂಡು ಬರಾಕ. ಅಣ್ಣ ಹೋಗತಿದ್ದ, ವಿಕೆಟ್ ತಗೀತಿದ್ದ, ಗೆಲ್ಲಿಸ್ತಿದ್ದ. ಕಪ್ಪು ಮಾತ್ರ ಬ್ಯಾರೇದವರ ಪಡಸಾಲ್ಯಾಗ ಇರತಿತ್ತು.

ಅವ್ವ ಒಮ್ಮೆ ಕೇಳಿದ್ಲು: “ಇಷ್ಟೆಲ್ಲಾ ನೀನ ಗೆಲ್ಲಿಸಿದ್ರ ಆ ತಾಟು ನಮ್ಮ ಮನಿಗೆ ಒಂದ್ ದಿನಾನೂ ಯಾಕ ಬರೂದಿಲ್ಲೋ?” ಅವ್ವ ಕಪ್ಪಿಗೆ ತಾಟು ಅಂತಿದ್ಲು. ಅಣ್ಣ ನಕ್ಕು ಸುಮ್ಮನಾದ. ಈಗ ಅವಗ ಐವತ್ತರ ಹತ್ತಿರ. ಭುಜದ ನೋವು ಐತಿ. ಕಬ್ಬಿನ ಗ್ಯಾಂಗಿನಾಗ ಕೆಲಸ.

ಅಣ್ಣಗ ಆದದ್ದು ನಮ್ಮ ಊರಿನ ವಿಶೇಷ ಏನಲ್ಲ. ಇದಕ್ಕ ನೂರು ವರ್ಷಕ್ಕಿಂತ ಹಳೇ ಇತಿಹಾಸ ಐತಿ, ಅದೂ ನಮ್ಮ ಧಾರವಾಡದಾಗ ಹುಟ್ಟಿದ ಮನುಷ್ಯಾನಿಂದ ಶುರು ಆಗತೈತಿ. ಪಾಲವಣಕರ್ ಬಾಳೂ. ಚಮ್ಮಾರ ಸಮುದಾಯ, ತಂದಿ ಸೈನ್ಯದಾಗ ನೌಕರಿ. ಪುಣೆಯಾಗ ಬಿಳಿಯರ ಕ್ಲಬ್ಬಿನ ಮೈದಾನ ನೋಡಿಕೊಳ್ಳೂ ಕೆಲಸ, ತಿಂಗಳಿಗೆ ನಾಲ್ಕು ರೂಪಾಯಿ ಪಗಾರ. ನೆಟ್ ಕಟ್ಟೂದು, ಪಿಚ್ ಉರುಳಸೂದು, ಸಾಹೇಬರು ಬ್ಯಾಟಿಂಗ್ ಪ್ರಾಕ್ಟೀಸ್ ಮಾಡುವಾಗ ಚೆಂಡು ಹಾಕೂದು. ನೂರಾರು ತಾಸು ಚೆಂಡು ಹಾಕಿದ ಆ ಮನುಷ್ಯಾಗ ಅಲ್ಲಿ ಬ್ಯಾಟ್ ಹಿಡಿಯಾಕ ಮಾತ್ರ ಬಿಡಲಿಲ್ಲ. ಬೌಲಿಂಗ್ ದುಡಿಮಿ, ಬ್ಯಾಟಿಂಗ್ ದರ್ಬಾರು.

ಬಿಳಿಯರ ತಂಡ ಸೋಲಿಸಬೇಕಾದ್ರ ಬಾಳೂ ಬೇಕು ಅಂತ ಪುಣೆಯ ಹಿಂದೂ ತಂಡದವರಿಗೆ ತಿಳೀತು. ತಗೊಂಡರು. ಮೈದಾನದಾಗ ಅವರು ಹಿಡಿದ ಚೆಂಡನ್ನ ಇವರೂ ಹಿಡಿದರು. ಆದ್ರ ಚಹಾದ ಹೊತ್ತಿಗೆ ಬಾಳೂ ಪೆವಿಲಿಯನ್ ಹೊರಗ, ಚಹಾ ಮಣ್ಣಿನ ಕುಡಕಿಯಾಗ. ಊಟ ಬ್ಯಾರೆ. 1911ರಾಗ ಭಾರತದ ತಂಡ ಮೊದಲ ಸಲ ಇಂಗ್ಲೆಂಡಿಗೆ ಹೋತು. ಬಾಳೂ ಆ ಪ್ರವಾಸದಾಗ ತಗದದ್ದು 114 ವಿಕೆಟ್. ನಾಯಕ ಯಾರು? ಪಟಿಯಾಲದ ಮಹಾರಾಜ, ವಯಸ್ಸು 19. ಬಾಳೂ ಅಷ್ಟೊತ್ತಿಗೆ ಮೂವತ್ತೈದರ ಸುಮಾರು, ದೇಶದ ಅತ್ಯುತ್ತಮ ಬೌಲರ್. ಹಿಂದೂ ತಂಡಕ್ಕ ವರ್ಷಾನುಗಟ್ಟಲೆ ಆಡಿದರೂ ನಾಯಕನ ಪಟ್ಟ ಅವರಿಗೆ ಸಿಗಲಿಲ್ಲ. 1920ರಾಗ ತಮ್ಮಂದಿರಾದ ವಿಠ್ಠಲ್ ಮತ್ತು ಶಿವರಾಮ್ “ನಾವು ಆಡೂದಿಲ್ಲ” ಅಂತ ತಂಡ ಬಿಟ್ಟು ಹೊರಗ ಬಂದರು. ಆಮ್ಯಾಲ ಬಾಳೂ ಉಪನಾಯಕ ಆದರು. 1923ರಾಗ ವಿಠ್ಠಲ್ ನಾಯಕ ಆದರು, ಆ ಸಲ ಬಿಳಿಯರ ತಂಡವನ್ನ ಸೋಲಿಸಿ ಗೆದ್ದರು ಕೂಡ.

ಗಮನಿಸ್ರಿ. ಅಷ್ಟು ವರ್ಷ ಚೆಂಡು ಹಾಕಿದ್ದರಿಂದ ನಾಯಕತ್ವ ಬರಲಿಲ್ಲ. ಚೆಂಡು ಕೆಳಗ ಇಟ್ಟಾಗ ಬಂತು.

ಬಾಳೂ ಕತಿಗೆ ಇನ್ನೊಂದು ಅಧ್ಯಾಯ ಐತಿ, ಅದನ್ನ ನಮ್ಮವರು ಹೇಳಾಕ ಮುಜುಗರ ಪಡ್ತಾರ. ನಾನು ಹೇಳ್ತೀನಿ. 1937ರ ಮುಂಬೈ ವಿಧಾನಸಭಾ ಚುನಾವಣಿಯಾಗ ಬಾಬಾಸಾಹೇಬರ ಎದುರಿಗೆ ಕಾಂಗ್ರೆಸ್ ನಿಲ್ಲಿಸಿದ್ದು ಇದೇ ಬಾಳೂ ಅವರನ್ನ. ಬಾಬಾಸಾಹೇಬರಿಗೆ 13,245 ಮತ, ಬಾಳೂ ಅವರಿಗೆ 11,225. ನಾನು ಬಾಳೂ ಅವರನ್ನ ಬೈಯೂದಿಲ್ಲ. ಅವರು ಪಟ್ಟ ಪಾಡು ನಮಗ ಗೊತ್ತು. ಆದ್ರ ನೋಡ್ರಿ, ಅಲ್ಲೂ ಟಿಕೆಟ್ ಕೊಡವರು ಯಾರೋ, ಎದುರಾಳಿ ಯಾರಾಗಬೇಕು ಅಂತ ಗೊತ್ತು ಮಾಡವರು ಯಾರೋ. ತಂಡ ಬದಲಾತು, ಪಟ್ಟಿ ಬರಿಯೂ ಕೈ ಬದಲಾಗಲಿಲ್ಲ.

ಈಗ ಸ್ವಲ್ಪ ದೂರ ಹೋಗೂಣು. ಅಮೆರಿಕಾಕ್ಕ. ಅಲ್ಲಿಯ ಕ್ರಿಕೆಟ್ ಅಂದ್ರ ಬೇಸ್‌ಬಾಲ್. ಒಬ್ಬ ಚೆಂಡು ಒಗೀತಾನ, ಒಬ್ಬ ಬಡೀತಾನ, ಬಡದು ಓಡ್ತಾನ. ಆಟ ಇಷ್ಟ ತಿಳಕೊಂಡ್ರ ಸಾಕು. ನಮಗ ಬೇಕಾದದ್ದು ಅಲ್ಲಿಯ ಒಂದು ಕುರ್ಚಿ, ಅದರ ಹೆಸರು ಜನರಲ್ ಮ್ಯಾನೇಜರ್. ಈತ ಆಡೂದಿಲ್ಲ. ಯಾವ ಹುಡುಗನ್ನ ತಗೊಬೇಕು, ಯಾರನ್ನ ಬಿಡಬೇಕು, ಯಾರಿಗೆ ಎಷ್ಟು ಸಂಬಳ, ಯಾರನ್ನ ಕೆಳಗಿನ ತಂಡದಾಗ ಬೆಳಸಬೇಕು, ತಂಡ ನಡಸೂ ಕೋಚ್ ಯಾರಾಗಬೇಕು, ಇದೆಲ್ಲಾ ಈತನ ಪೆನ್ನಿನಾಗ. ನಮ್ಮೂರ ಕಟ್ಟಿ ಮ್ಯಾಲ ಕುಂತು ಪಟ್ಟಿ ಬರಿಯವನ ದೊಡ್ಡ ರೂಪ.

ಕರಿಯರಿಗೆ ಆ ಆಟದ ದೊಡ್ಡ ಲೀಗಿನ ಬಾಗಿಲು ದಶಕಗಟ್ಟಲೆ ಬಂದ್ ಇತ್ತು. ಅವರು ತಮ್ಮದ ಬ್ಯಾರೆ ಲೀಗ್ ಮಾಡಿಕೊಂಡಿದ್ದರು. ಅಲ್ಲಿ ಆಟಗಾರರು ಕರಿಯರು, ಎಷ್ಟೋ ತಂಡದ ಮಾಲೀಕರೂ ಕರಿಯರು. 1947ರ ಏಪ್ರಿಲ್ 15ಕ್ಕ ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರ ಆಡಿ ಆ ಬಾಗಿಲು ಒಡದರು. ಅವರನ್ನ ತಗೊಂಡ ಬ್ರಾಂಚ್ ರಿಕಿ ಬಿಳಿಯ, ತಂಡದ ಅಧ್ಯಕ್ಷ. ಅವರ ಧೈರ್ಯಕ್ಕ ಶರಣು. ಆದ್ರ ರಾಬಿನ್ಸನ್ ಮೊದಲು ಆಡ್ತಿದ್ದ ಕನ್ಸಾಸ್ ಸಿಟಿ ಮೊನಾರ್ಕ್ಸ್ ತಂಡಕ್ಕ ರಿಕಿ ಒಂದು ಪೈಸಾನೂ ಕೊಡಲಿಲ್ಲ. ಒಬ್ಬೊಬ್ಬರ ಒಳ್ಳೇ ಆಟಗಾರರು ದೊಡ್ಡ ಲೀಗಿಗೆ ಹೋದಂಗ ಕರಿಯರ ಲೀಗ್ ಬರಿದಾತು, ಮುಚ್ಚಿತು. ಹುಡುಗೂರು ಒಳಗ ಹೋದರು, ಅವರನ್ನ ಬೆಳಸಿದ ಆಡಳಿತದ ಮಂದಿ ಹೊರಗ ಉಳದರು. ಒಳಗ ಕರಕೊಳ್ಳೂದು ಅಂದ್ರ ಕೆಲವೊಮ್ಮೆ ಹಿಂಗ ಇರತೈತಿ: ಕೈ ಬೇಕು, ತಲಿ ಬ್ಯಾಡ.

ರಾಬಿನ್ಸನ್‌ಗೆ ಇದು ಗೊತ್ತಿತ್ತು. 1972ರ ಅಕ್ಟೋಬರದಾಗ, ತೀರಿಕೊಳ್ಳೂದಕ್ಕ ಕೆಲವೇ ದಿನ ಮೊದಲು, ಸನ್ಮಾನ ಮಾಡಾಕ ಮೈದಾನಕ್ಕ ಕರದಿದ್ದರು. ಕಣ್ಣು ಹೆಚ್ಚೂ ಕಡಿಮಿ ಹೋಗಿದ್ದವು. ಧನ್ಯವಾದ ಹೇಳಿ ಸುಮ್ಮನಾಗಬಹುದಿತ್ತು. ಆದ್ರ, ತಂಡ ನಡಸೂ ಜಾಗದಾಗ ಒಬ್ಬ ಕರಿಯನ ಮುಖ ಕಂಡ ದಿನ ನನಗ ಇನ್ನೂ ಹೆಚ್ಚು ಸಂತೋಷ ಅನ್ನೂ ಅರ್ಥದ ಮಾತು ಹೇಳಿಯೇ ಇಳದರು. ಸನ್ಮಾನದ ಶಾಲು ಹೊದ್ದುಕೊಂಡು ಲೆಕ್ಕ ಕೇಳೂದು ಅಂದ್ರ ಇದು.

ಆ ಲೆಕ್ಕಕ್ಕ ಮೊದಲ ಉತ್ತರ ಆದವರು ಬಿಲ್ ಲ್ಯೂಕಸ್. ನಮ್ಮ ಹುಡುಗೂರು ರಾಬಿನ್ಸನ್ ಹೆಸರು ಅಲ್ಲಲ್ಲಿ ಕೇಳ್ಯಾರ, ಈ ಮನುಷ್ಯಾನ ಹೆಸರು ಕೇಳಿಲ್ಲ. ಅದಕ್ಕ ಸಮಾಧಾನದಿಂದ ಹೇಳ್ತೀನಿ.

ಹುಟ್ಟಿದ್ದು 1936, ಫ್ಲಾರಿಡಾದ ಜಾಕ್ಸನ್‌ವಿಲ್. ಕರಿಯರ ಕಾಲೇಜಿನಾಗ ಓದು, ಸೈನ್ಯದಾಗ ಸೇವೆ, ಆಮ್ಯಾಲ ಬ್ರೇವ್ಸ್ ಅನ್ನೂ ತಂಡದ ಕೆಳಗಿನ ಲೀಗುಗಳಾಗ ಕೆಲವು ವರ್ಷ ಆಟ. ಮ್ಯಾಲಿನ ಲೀಗಿಗೆ ಹೋಗಲೇ ಇಲ್ಲ, ಮೊಣಕಾಲು ಪೆಟ್ಟಾಗಿ ಆಟ ಮುಗೀತು. ನಮ್ಮ ಕಡೆ ಆಗಿದ್ರ ಕತಿ ಅಲ್ಲಿಗೇ ಮುಗೀತಿತ್ತು, “ಛಲೋ ಆಡ್ತಿದ್ದ, ಪಾಪ” ಅಂತಿದ್ರು. ಲ್ಯೂಕಸ್ 1965ರಾಗ ಅಟ್ಲಾಂಟಾದಾಗ ತಂಡದ ಆಫೀಸಿಗೆ ಸೇರಿದರು. ಮಿಲ್ವಾಕೀಯಾಗಿದ್ದ ಬ್ರೇವ್ಸ್ ತಂಡ ಮರು ವರ್ಷ ಅಲ್ಲಿಗೆ ಬರೂದಿತ್ತು. ಅಮೆರಿಕಾದ ದಕ್ಷಿಣ ಅದು. ಬಿಳಿಯರಿಗೆ ಬ್ಯಾರೆ ನೀರು, ಕರಿಯರಿಗೆ ಬ್ಯಾರೆ ನೀರು ಇದ್ದ ಸೀಮಿ. ಅದನ್ನ ಕಾನೂನು ತಪ್ಪು ಅಂತ ಹೇಳಿ ಒಂದೇ ವರ್ಷ ಆಗಿತ್ತು. ಕರಿಯ ಪ್ರೇಕ್ಷಕರು ಮೈದಾನಕ್ಕ ಬರಬೇಕಾಗಿತ್ತು, ಅದಕ್ಕ ಆಫೀಸಿನಾಗ ಒಂದು ಕರಿಯ ಮುಖ ಬೇಕಾಗಿತ್ತು. ಹಂಗ ಸಿಕ್ಕ ಕೆಲಸ. ಪ್ರಚಾರ, ಟಿಕೆಟ್, ಮಂದಿ ಕೂಡಸೂದು.

ತೋರಿಕಿಗೆ ಅಂತ ಕೊಟ್ಟ ಕುರ್ಚಿ ಮ್ಯಾಲ ಎರಡು ನಮೂನಿ ಕುಂದ್ರಬಹುದು. ಫೋಟೋಕ್ಕ ಕುಂದ್ರಬಹುದು, ಇಲ್ಲಾ ಕೆಲಸ ಕಲಿಯಾಕ ಕುಂದ್ರಬಹುದು. ಲ್ಯೂಕಸ್ ಎರಡನೇದು ಮಾಡಿದರು. ಎರಡು ವರ್ಷಕ್ಕ ಹೊಸ ಹುಡುಗೂರನ್ನ ಬೆಳಸೂ ವಿಭಾಗದಾಗ ಸಹಾಯಕ ಆದರು. 1972ರಾಗ ಆ ವಿಭಾಗದ ಮುಖ್ಯಸ್ಥ. ಯಾವ ಊರಾಗ ಯಾವ ಹುಡುಗ ಅದಾನ, ಯಾರ ಕೈಯಾಗ ಎಷ್ಟು ಬಲ, ಯಾರನ್ನ ಯಾವ ಜಾಗಕ್ಕ ಆಡಸಬೇಕು, ಇದರ ಪೂರಾ ಲೆಕ್ಕ ಅವರ ಹತ್ತಿರ. 1976ರಾಗ ಮಾಲೀಕ ಟೆಡ್ ಟರ್ನರ್ ಅವರನ್ನ ಆಟಗಾರರ ವಿಭಾಗದ ಉಪಾಧ್ಯಕ್ಷ ಮಾಡಿದರು. ಜನರಲ್ ಮ್ಯಾನೇಜರ್ ಅನ್ನೂ ಹೆಸರು ಕೊಡಲಿಲ್ಲ, ಕೆಲಸ ಪೂರಾ ಅದೇ. ಹೆಸರು ಕೊಡಲಾರದ ದುಡಸೂ ಪದ್ಧತಿ ನಮಗೇನು ಹೊಸದಲ್ಲ. ಆದರೂ ಅಮೆರಿಕಾದ ದೊಡ್ಡ ಲೀಗಿನಾಗ ಆ ಅಧಿಕಾರ ನಡಸಿದ ಮೊದಲ ಕರಿಯ ಅಂತ ಇತಿಹಾಸ ಒಪ್ಪಿಕೊಂಡದ್ದು ಲ್ಯೂಕಸ್ ಅವರನ್ನ.

ತಂಡ ಆಗ ಹೆಂಗಿತ್ತು? ತಳದಾಗ. 1976ರಿಂದ 1979ರವರೆಗೆ ಪ್ರತಿ ವರ್ಷ ತಮ್ಮ ಗುಂಪಿನಾಗ ಕಡೇ ಜಾಗ. ಲ್ಯೂಕಸ್ ಗದ್ದಲ ಮಾಡಲಿಲ್ಲ, ಬೀಜ ಬಿತ್ತಿದರು. ಡೇಲ್ ಮರ್ಫಿ ಅನ್ನೂ ಹುಡುಗ ಅವರ ವಿಭಾಗದಾಗ ಬೆಳದ. 1978ರಾಗ ಬಾಬ್ ಹಾರ್ನರ್ ಬಂದ. ಅದೇ ವರ್ಷಕ್ಕ ಬಾಬಿ ಕಾಕ್ಸ್ ಅನ್ನೂ ಹೊಸಬರಿಗೆ ತಂಡ ನಡಸೂ ಜವಾಬ್ದಾರಿ ಕೊಟ್ಟರು. ಹಾರ್ನರ್ ಸಂಬಳದ ಸಲುವಾಗಿ ಆತನ ಏಜೆಂಟನ ಜೋಡಿ ಜಗಳ ನಡದು ಪೇಪರಿನ ತನಕ ಹೋತು. 1979ರ ಮೇ 1ಕ್ಕ ತಂಡದ ಹಿರಿಯ ಆಟಗಾರ ಫಿಲ್ ನೀಕ್ರೋ ತಮ್ಮ 200ನೇ ಗೆಲುವು ಸಾಧಿಸಿದರು. ಅದರ ಬೆನ್ನಿಗೇ ಲ್ಯೂಕಸ್ ಕುಸದು ಬಿದ್ದರು, ಮಿದುಳಿನಾಗ ರಕ್ತಸ್ರಾವ. ಮೇ 5ಕ್ಕ ತೀರಿಕೊಂಡರು. ವಯಸ್ಸು 43.

1982ರಾಗ ಅದೇ ತಂಡ ತಮ್ಮ ಗುಂಪು ಗೆದ್ದಿತು. ಮರ್ಫಿ ಆ ವರ್ಷ ಮತ್ತು ಮರು ವರ್ಷ ಲೀಗಿನ ಶ್ರೇಷ್ಠ ಆಟಗಾರ ಆದ. ಬಾಬಿ ಕಾಕ್ಸ್ ಮುಂದ ಅದೇ ತಂಡಕ್ಕ ತಿರುಗಿ ಬಂದು 1995ರಾಗ ಅದನ್ನ ಚಾಂಪಿಯನ್ ಮಾಡಿದರು. ಬಿತ್ತಿದವ ಸುಗ್ಗಿ ನೋಡಲಿಲ್ಲ.

ಇದಕ್ಕಿಂತ ಕಹಿ ಮಾತು ಮುಂದಿನದು. ಲ್ಯೂಕಸ್ ತೀರಿದ ಮ್ಯಾಲ ಆ ನಮೂನಿ ಕುರ್ಚಿ ಮ್ಯಾಲ ಇನ್ನೊಬ್ಬ ಕರಿಯ ಕುಂದ್ರಾಕ 14 ವರ್ಷ ಬೇಕಾತು. 1993ರಾಗ ಹ್ಯೂಸ್ಟನ್ ತಂಡಕ್ಕ ಬಾಬ್ ವಾಟ್ಸನ್ ಬಂದರು. ನಡುವ, 1987ರಾಗ, ಡಾಡ್ಜರ್ಸ್ ತಂಡದ ಜನರಲ್ ಮ್ಯಾನೇಜರ್ ಅಲ್ ಕ್ಯಾಂಪನಿಸ್ ಟೀವಿಯಾಗ ಕುಂತು, ತಂಡ ನಡಸಾಕ ಬೇಕಾದ ಕೆಲವು ಗುಣ ಕರಿಯರಲ್ಲಿ ಇಲ್ಲದಿರಬಹುದು ಅಂತ ಹೇಳಿಬಿಟ್ಟರು. ಸಂದರ್ಭ ಏನು ಗೊತ್ತೇನ್ರಿ? ರಾಬಿನ್ಸನ್ ಬಂದು ನಲವತ್ತು ವರ್ಷ ಆದ ನೆನಪಿನ ಕಾರ್ಯಕ್ರಮ. ಹೇಳಿದವರು ಯಾರು? ಒಂದು ಕಾಲಕ್ಕ ರಾಬಿನ್ಸನ್ ಜೋಡಿ ಒಂದೇ ತಂಡದಾಗ ಆಡಿದವರು. ಎರಡು ದಿನದಾಗ ಕೆಲಸ ಹೋತು. ಆದ್ರ ಅವರು ಬಾಯಿ ಬಿಟ್ಟು ಹೇಳಿದ್ದನ್ನ ಬಾಕಿದವರು ಹೊಟ್ಟಿಯಾಗ ಇಟ್ಟುಕೊಂಡಿದ್ದರು, ಅಷ್ಟ ಫರಕು.

“ಗುಣ ಇಲ್ಲ.” ಈ ಮಾತು ನಾವು ಕನ್ನಡದಾಗ ಎಷ್ಟು ಸಲ ಕೇಳೇವಿ? ಅಲ್ಲಿ ಬಣ್ಣಕ್ಕ ಅಂದರು, ಇಲ್ಲಿ ಮೆರಿಟ್ ಅಂತಾರ. 1996ರಾಗ ಅದೇ ವಾಟ್ಸನ್ ನ್ಯೂಯಾರ್ಕ್ ಯಾಂಕೀಸ್ ತಂಡದ ಜನರಲ್ ಮ್ಯಾನೇಜರ್ ಆಗಿ ವರ್ಲ್ಡ್ ಸೀರೀಸ್ ಗೆದ್ದರು. 1999ರಾಗ ಬೇಸ್‌ಬಾಲ್ ಕಮಿಷನರ್ ಬಡ್ ಸೆಲಿಗ್, ಇಂಥ ದೊಡ್ಡ ಹುದ್ದಿ ತುಂಬುವಾಗ ಅಲ್ಪಸಂಖ್ಯಾತ ಸಮುದಾಯದವರನ್ನೂ ಪರಿಗಣಿಸಲೇಬೇಕು ಅಂತ ಎಲ್ಲಾ ತಂಡಕ್ಕೂ ಸೂಚನಾ ಕೊಟ್ಟರು. ಗುಣ ಇರಲಿಲ್ಲ ಅಂತಲ್ಲ, ಬಾಗಿಲು ತಗದಿರಲಿಲ್ಲ.

ಇಷ್ಟು ದೂರ ಹೋಗಿ ಬಂದದ್ದು ಯಾಕಂದ್ರ, ನಮ್ಮ ಮುಂದ ಈಗ ಒಂದು ಪ್ರಶ್ನಾ ಐತಿ. ಭಾನುವಾರ ಅದನ್ನ ಬಗೆಹರಿಸಬೇಕು.

ಹುಕ್ಕೇರಿ ತಾಲೂಕಿನ ಒಂದು ಹಳ್ಳಿಯಾಗ ನಮ್ಮ ಹುಡುಗೂರು ಮೂರು ವರ್ಷದಿಂದ ಭೀಮ ಜಯಂತಿಗೆ ಕ್ರಿಕೆಟ್ ಮತ್ತು ಕಬಡ್ಡಿ ಪಂದ್ಯಾವಳಿ ನಡಸ್ತಾರ. ಗೋಕಾಕ, ಮೂಡಲಗಿ ಕಡೆಯಿಂದಾನೂ ತಂಡ ಬರ್ತಾವ. ಮೊದಲ ಬಹುಮಾನ ಹದಿನೈದು ಸಾವಿರ. ದೊಡ್ಡದಲ್ಲ. ಆದ್ರ ಎಂಟ್ರಿ ಫೀ ತಗೊಂಡ ಪ್ರತಿ ರೂಪಾಯಿಗೆ ಪಾವತಿ ಐತಿ. ಲೆಕ್ಕದ ಬುಕ್ ಐತಿ. ಜಯಂತಿ ಮುಗದ ಎಂಟು ದಿನಕ್ಕ ಸಮುದಾಯ ಭವನದಾಗ ಎಲ್ಲಾರ ಮುಂದ ಆ ಬುಕ್ ಓದ್ತಾರ. ಅಂಪೈರ್ ನಮ್ಮವ, ಸ್ಕೋರ್ ಬರಿಯವ ನಮ್ಮವ, ತಂಡಗಳ ಪಟ್ಟಿ ಹಾಕವ ನಮ್ಮವ. ಊರಾಗಿನ ಬ್ಯಾರೆ ಸಮಾಜದ ಹುಡುಗೂರೂ ಬಂದು ಆಡ್ತಾರ, ನಮ್ಮ ಅಂಪೈರ್ ಬೆರಳು ಎತ್ತಿದ್ರ ಔಟ್ ಆಗಿ ಹೋಗ್ತಾರ. ಮೊದಲ ವರ್ಷ ಆ ಬೆರಳು ನೋಡಿ ಕೇರಿಯ ಮುದುಕರ ಕಣ್ಣಾಗ ನೀರು ಬಂದಿದ್ದವು. ಅದು ವಿಕೆಟ್ಟಿನ ಸಲುವಾಗಿ ಬಂದ ನೀರಲ್ಲ.

ಈ ವರ್ಷ ಒಬ್ಬ ದೊಡ್ಡ ಮನುಷ್ಯಾರು ಹೇಳಿ ಕಳಸ್ಯಾರ. ಮೊದಲ ಬಹುಮಾನ ಒಂದು ಲಕ್ಷ ಅವರೇ ಕೊಡ್ತಾರಂತ. ಪೆಂಡಾಲ್, ಲೈಟು, ಊಟ, ಎಲ್ಲಾ ಅವರದ. ಷರತ್ತು ಎರಡು. ಕಮಿಟಿ ಅಧ್ಯಕ್ಷ ಅವರು ಹೇಳಿದವ ಆಗಬೇಕು. ತಂಡಗಳ ಪಟ್ಟಿ ಅವರ ಆಫೀಸಿನಿಂದ ಪಾಸಾಗಬೇಕು.

ನಮ್ಮ ಹುಡುಗೂರಾಗ ಎರಡು ಗುಂಪು ಆಗ್ಯಾವ. ಒಂದು ಗುಂಪಿನವರು ಅಂತಾರ: “ಒಂದು ಲಕ್ಷ ಅಂದ್ರ ದೊಡ್ಡ ತಂಡ ಬರ್ತಾವ ಅಣ್ಣಾ, ನಮ್ಮೂರು ಹೆಸರಾಗತೈತಿ. ಅಧ್ಯಕ್ಷ ಯಾರಾದ್ರ ಏನು, ಆಡವ್ರು ನಾವ ಅಲ್ಲೇನು?” ಅವರ ಮ್ಯಾಲ ನನಗ ಸಿಟ್ಟಿಲ್ಲ. ಹಸದವರ ಮುಂದ ತಾಟು ಇಟ್ಟು ವಾದ ಮಾಡಬಾರದು. ಮೂರು ವರ್ಷ ಕೈಯಿಂದ ರೊಕ್ಕ ಹಾಕಿ ನಡಸ್ಯಾರ, ದಣದಾರ. ಆದ್ರ “ಆಡವ್ರು ನಾವ ಅಲ್ಲೇನು” ಅನ್ನೂ ಮಾತಿಗೆ ನನ್ನ ಉತ್ತರ ಈ ಪೋಸ್ಟ್. ಬಾಳೂನೂ ಆಡಿದ. ನಮ್ಮಣ್ಣನೂ ಆಡಿದ.

ಹಂಗಾರ ರೊಕ್ಕ ಬ್ಯಾಡ ಅನ್ನೂಣೇನು? ಅದೂ ಅಲ್ಲ. ಇದಕ್ಕೂ ಬಾಬಾಸಾಹೇಬರು ದಾರಿ ತೋರಿಸಿಟ್ಟಾರ. 1924ರಾಗ ಅವರು ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಅದರ ಅಧ್ಯಕ್ಷ ಯಾರು? ಸರ್ ಚಿಮನ್‌ಲಾಲ್ ಸೆತಲ್ವಾಡ್, ಮುಂಬೈನ ಹೆಸರಾಂತ ವಕೀಲರು, ಸವರ್ಣೀಯರು. ಆದ್ರ ಆಡಳಿತ ಸಮಿತಿಯ ಮುಖ್ಯಸ್ಥರು ಬಾಬಾಸಾಹೇಬರು. ಕಾರ್ಯದರ್ಶಿ ಶಿವತರಕರ್, ನಮ್ಮ ಮನುಷ್ಯ. ಗೌರವದ ಕುರ್ಚಿ ಹೊರಗಿನವರಿಗೆ ಕೊಟ್ಟರು. ತೀರ್ಮಾನ ಮಾಡೂ ಕುರ್ಚಿ ತಮ್ಮ ಹತ್ತಿರ ಇಟ್ಟುಕೊಂಡರು. ಆ ಸಭಾದಿಂದ ಸೊಲ್ಲಾಪುರದಾಗ ಹಾಸ್ಟೆಲ್ ಆತು, ಮುಂಬೈಯಾಗ ವಾಚನಾಲಯ ಆತು. ಇನ್ನೊಂದು ಕೇಳಿದ್ರ ನಮ್ಮ ಹುಡುಗೂರು ಕುಣೀತಾರ: ಮುಂಬೈಯಾಗ ಮಹಾರ ಹಾಕಿ ಕ್ಲಬ್ ಕೂಡ ಆತು. ಹೌದು, ಹಾಕಿ. ಬಾಬಾಸಾಹೇಬರ ಸಂಘಟನಿಯ ಕೆಲಸದ ಪಟ್ಟಿಯಾಗ ಆಟದ ತಂಡ ನಡಸೂದೂ ಇತ್ತು. ಮರು ವರ್ಷ, 1925ರಾಗ, ಅವರು ನಮ್ಮ ಜಿಲ್ಲಾದ ನಿಪ್ಪಾಣಿಗೆ ಬಂದು ಪರಿಷತ್ತು ನಡಸಿದರು. ಇದು ದೂರದ ಊರಿನ ಕತಿ ಅಲ್ಲ, ನಮ್ಮ ಅಜ್ಜಂದಿರ ಕಾಲದಾಗ ನಮ್ಮ ಸೀಮಿಯಾಗ ನಡದದ್ದು.

ಅದಕ್ಕ ಭಾನುವಾರ ನಾನು ಹೇಳೂದು ಇದನ್ನ. ಆ ದೊಡ್ಡ ಮನುಷ್ಯಾರಿಗೆ ಗೌರವಾಧ್ಯಕ್ಷ ಅಂತ ಕರಿಯೂಣು. ಬ್ಯಾನರ್ ಮ್ಯಾಲ ಹೆಸರು ಹಾಕೂಣು, ಹಾರ ಹಾಕೂಣು, ಬಹುಮಾನ ಅವರ ಕೈಯಾಗ ಕೊಡಸೂಣು. ಅವರು ಕೊಟ್ಟ ರೊಕ್ಕಕ್ಕ ಪಾವತಿ ಕೊಡೂಣು. ಆದ್ರ ಕಮಿಟಿ ಅಧ್ಯಕ್ಷ ನಮ್ಮವ, ಖಜಾಂಚಿ ನಮ್ಮವ, ಪಟ್ಟಿ ಬರಿಯೂ ಪೆನ್ನು ನಮ್ಮ ಕೈಯಾಗ. ಇದಕ್ಕ ಒಪ್ಪಿದ್ರ ಅವರು ನಿಜವಾದ ದಾನಿ. ಒಪ್ಪಲಿಲ್ಲ ಅಂದ್ರ ಅವರು ಕೊಡಾಕ ಬಂದವರಲ್ಲ, ಕೊಳ್ಳಾಕ ಬಂದವರು. ಆಗ ಹದಿನೈದು ಸಾವಿರದ ಬಹುಮಾನಾನ ಸಾಕು.

ಇನ್ನೊಂದು ಮಾತು, ಇದು ನಮ್ಮೊಳಗಿನದು. ಹೊರಗಿನವರಿಗೆ ಕೇಳೂ ಪ್ರಶ್ನಾ ನಮಗೂ ಕೇಳಿಕೊಳ್ಳಬೇಕು. ನಮ್ಮ ಕಮಿಟಿಯಾಗ ಹನ್ನೊಂದು ಮಂದಿ ಅದಾರ. ಚಲವಾದಿ ಹುಡುಗೂರು ಎಷ್ಟು, ಮಾದರ ಹುಡುಗೂರು ಎಷ್ಟು, ಸಮಗಾರ ಮನಿಯವರು ಎಷ್ಟು? ಹೆಣ್ಣುಮಕ್ಕಳು ಒಬ್ಬರಾದ್ರೂ ಅದಾರೇನು? ಹೋದ ವರ್ಷ ಲೆಕ್ಕದ ಬುಕ್ ಸರಿ ಮಾಡಿ ಕೊಟ್ಟಾಕಿ ಬಿ.ಕಾಂ ಓದೂ ನಮ್ಮ ತಂಗಿ ಒಬ್ಬಾಕಿ. ಎರಡು ರಾತ್ರಿ ಕುಂತು ಕೂಡಿಸಿ ಕೊಟ್ಲು. ಹೆಸರು ಮಾತ್ರ ಖಜಾಂಚಿಯಂತ ಒಬ್ಬ ಗಂಡು ಹುಡುಗಂದು. ಲ್ಯೂಕಸ್‌ಗೆ ಟರ್ನರ್ ಮಾಡಿದ್ದನ್ನ ನಾವ ನಮ್ಮ ತಂಗಿಗೆ ಮಾಡಿದಂಗ ಆತಲ್ಲ? ಕೆಲಸ ಆಕೀದು, ಹೆಸರು ಅವಂದು. ಈ ಸಲ ಖಜಾಂಚಿ ಆಕಿ ಆಗಬೇಕು. ಈ ಪ್ರಸ್ತಾಪ ಭಾನುವಾರ ನಾನ ಇಡ್ತೀನಿ, ಯಾರರೆ ಅನುಮೋದನ ಮಾಡ್ರಿ.

ನಮ್ಮ ಹುಡುಗೂರಿಗೆ ಕಡೀಗೆ ಒಂದು ಮಾತು. ಆಡ್ರಿ. ಭುಜ ಗಟ್ಟಿ ಇರೂ ತನಕ ಆಡ್ರಿ, ಯಾರಿಗೂ ಹೆದರಬ್ಯಾಡ್ರಿ. ಆದ್ರ ಜೋಡಿ ಅಂಪೈರಿಂಗ್ ಪರೀಕ್ಷಾ ಬರೀರಿ. ಸ್ಕೋರಿಂಗ್ ಕಲೀರಿ. ಸಂಘ ನೋಂದಣಿ ಹೆಂಗ ಮಾಡಸೂದು, ಆಡಿಟ್ ಅಂದ್ರ ಏನು, ಠರಾವು ಹೆಂಗ ಬರಿಯೂದು ತಿಳಕೊಳ್ರಿ. ಬಿ.ಪಿ.ಎಡ್ ಮಾಡ್ರಿ, ಕೋಚಿಂಗ್ ಡಿಪ್ಲೊಮಾ ಮಾಡ್ರಿ. ಬೆಳಗಾವಿಯಾಗ ಆಟೋ ನಗರದಾಗ ಕೆಎಸ್‌ಸಿಎ ಮೈದಾನ ಐತಿ. ಅಲ್ಲಿ ಆಡೂ ಕನಸು ಕಾಣ್ರಿ, ಜೋಡಿ ಅದನ್ನ ನಡಸೂ ಕನಸೂ ಕಾಣ್ರಿ. ಮೊಣಕಾಲು ಇಪ್ಪತ್ತೆಂಟಕ್ಕ ಸೋಲತೈತಿ. ಪೆನ್ನು ಎಪ್ಪತ್ತರ ತನಕ ಓಡತೈತಿ.

ಭಾನುವಾರ ಮುಂಜಾನೆ ಹತ್ತಕ್ಕ ಸಮುದಾಯ ಭವನದಾಗ ಸಭಾ ಐತಿ. ಮೂರೂ ತಾಲೂಕಿನ ತಂಡದವರು ಬರ್ರಿ. ಅಂಪೈರಿಂಗ್, ಸ್ಕೋರಿಂಗ್, ಲೆಕ್ಕಪತ್ರ ಕಲಿಸಿಕೊಡವರು ಯಾರರೆ ಇದ್ದರ ನನಗ ಮೆಸೇಜ್ ಹಾಕ್ರಿ. ನೂರು ರೂಪಾಯಿ ಕೊಡವರೂ ಹಾಕ್ರಿ, ಪಾವತಿ ಸಿಗತೈತಿ. ಅಕ್ಕ ತಂಗಿಯರು ಮುಂದಿನ ಸಾಲಿನಾಗ ಕುಂದ್ರ್ರಿ.

ಜೈಭೀಮ್.